ದೇಹದ ಸಮತೆಗೆ ಅಂಕ: ಎಚ್ಚರಿಕೆಯೋ, ತೀರ್ಪೋ?

ಪಾಠಶಾಲೆಗೂ ಅಂಕಕ್ಕೂ ಇರುವ ಸಂಬಂಧ ಬಲು ಹಳೆಯದು. ವರ್ಷಾಂತ್ಯದಲ್ಲಿ ವಿದ್ಯಾರ್ಥಿಯು ಬೇರೆ ಬೇರೆ ವಿಷಯಗಳಲ್ಲಿ ಗಳಿಸಿದ ಅಂಕಗಳನ್ನು ಕೂಡಿಸಿ, ಆ ಮೊತ್ತವನ್ನು ಕಂಡು ಅವನ ಯೋಗ್ಯತೆಯನ್ನು ನಿರ್ಣಯಿಸುವುದು ಉಪಾಧ್ಯಾಯ ವರ್ಗಕ್ಕೆ ಕರಗತವಾದ ವಿದ್ಯೆ. ಆದರೆ ಗಣಿತದಲ್ಲಿ ೯೦, ಕನ್ನಡದಲ್ಲಿ ೨೦ ಪಡೆದ ಬಾಲಕನ ಮೊತ್ತವೂ ಎರಡರಲ್ಲಿಯೂ ೫೫ ಪಡೆದ ಬಾಲಕನ ಮೊತ್ತವೂ ಒಂದೇ ಆಗಿರುತ್ತದೆ. ಆ ಇಬ್ಬರೂ ಒಂದೇ ಬಗೆಯ ವಿದ್ಯಾರ್ಥಿಗಳೆಂದು ಅನುಭವಿಯಾದ ಯಾವ ಉಪಾಧ್ಯಾಯನೂ ಹೇಳಲಾರನು. ಮೊತ್ತವು ಎಷ್ಟನ್ನು ತಿಳಿಸುತ್ತದೆಯೋ ಅಷ್ಟನ್ನೇ ಮುಚ್ಚಿಡುತ್ತದೆ ಎಂಬುದು ಶಾಲೆಯ ಕೋಣೆಯಲ್ಲಿ ದಿನನಿತ್ಯವೂ ಕಾಣುವ ಸತ್ಯ.

ಅದೇ ಅಂಕವಿದ್ಯೆ ಕಳೆದ ಏಳು ದಶಕಗಳಿಂದ ವೈದ್ಯಶಾಲೆಯನ್ನು ಪ್ರವೇಶಿಸಿ, ಮನುಷ್ಯನ ಶರೀರಕ್ಕೂ ಒಂದು ಮೊತ್ತವನ್ನು ಬರೆಯತೊಡಗಿದೆ. ಉಸಿರು, ನಾಡಿ, ರಕ್ತದ ಒತ್ತಡ, ಮೈಯ ಶಾಖ, ಪ್ರಜ್ಞೆ ಮೊದಲಾದವುಗಳನ್ನು ಬೇರೆ ಬೇರೆಯಾಗಿ ಅಳೆದು, ಒಂದೊಂದಕ್ಕೂ ಅಂಕವಿತ್ತು, ಕೂಡಿಸಿ, ಈ ದೇಹವು ಸಮಸ್ಥಿತಿಯಲ್ಲಿದೆಯೋ ಅಥವಾ ಅದರಿಂದ ಎಷ್ಟು ದೂರ ಸರಿದಿದೆಯೋ ಎಂಬುದನ್ನು ಒಂದೇ ಸಂಖ್ಯೆಯಲ್ಲಿ ಹೇಳುವ ಪದ್ಧತಿಯಿದು. ಇದರಿಂದಾದ ಉಪಕಾರ ಅಲ್ಪವಲ್ಲ. ಹಾಗೆಯೇ ಇದರ ದುರುಪಯೋಗದಿಂದ ಒದಗಬಹುದಾದ ಅಪಾಯವೂ ಅಲ್ಪವಲ್ಲ. ಅಂಕಗಳ ಗುಣದೋಷವನ್ನು ಬಲ್ಲ ಉಪಾಧ್ಯಾಯರೂ, ಆರೋಗ್ಯ ಕಾರ್ಯಗಳಿಗೆ ಧನಸಹಾಯ ಮಾಡುವ ದಾನಿಗಳೂ ಇದನ್ನು ವಿಚಾರಿಸುವುದು ಅಗತ್ಯವಾಗಿದೆ.

ಮೊದಲು ಸಮಸ್ಥಿತಿ ಎಂಬ ಮಾತಿನ ಅರ್ಥವನ್ನು ನೋಡಬೇಕು. ಹತ್ತೊಂಬತ್ತನೆಯ ಶತಮಾನದಲ್ಲಿ ಫ್ರಾನ್ಸಿನ ಕ್ಲಾಡ್ ಬರ್ನಾರ್ಡ್ ಎಂಬ ಶರೀರವಿಜ್ಞಾನಿಯು, ಹೊರಗಿನ ಹವೆ ಎಷ್ಟೇ ಬದಲಾದರೂ ದೇಹವು ತನ್ನೊಳಗಿನ ದ್ರವಮಯ ಪರಿಸರವನ್ನು ಹೆಚ್ಚುಕಡಿಮೆ ಒಂದೇ ತೆರನಾಗಿ ಉಳಿಸಿಕೊಳ್ಳುತ್ತದೆ ಎಂದು ಪ್ರತಿಪಾದಿಸಿದನು. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ವಾಲ್ಟರ್ ಕ್ಯಾನನ್ ೧೯೨೬ರಲ್ಲಿ ಈ ಗುಣಕ್ಕೆ 'ಹೋಮಿಯೋಸ್ಟಾಸಿಸ್' ಎಂದು ಹೆಸರಿಟ್ಟು, ೧೯೩೨ರಲ್ಲಿ 'ದೇಹದ ವಿವೇಕ' ಎಂಬ ಅರ್ಥದ ಶೀರ್ಷಿಕೆಯ ಗ್ರಂಥದಲ್ಲಿ ಅದನ್ನು ವಿವರಿಸಿದನು. ಈ ಸ್ಥಿರತೆ ಜಡವಾದುದಲ್ಲ, ನಿಂತ ನೀರಿನಂಥದಲ್ಲ ಎಂದು ಅವನು ಆಗಲೇ ಎಚ್ಚರಿಸಿದ್ದನು. ಬಿಸಿಲಿಗೆ ಬೆವರಿ, ಚಳಿಗೆ ನಡುಗಿ, ಏರು ಹತ್ತುವಾಗ ಉಸಿರನ್ನು ಹೆಚ್ಚಿಸಿ, ಮಲಗಿದಾಗ ನಾಡಿಯನ್ನು ತಗ್ಗಿಸಿ, ಕ್ಷಣಕ್ಷಣವೂ ಹೊಂದಿಕೊಳ್ಳುತ್ತಲೇ ದೇಹವು ಸ್ಥಿರವಾಗಿರುತ್ತದೆ. ಶರಣಪರಂಪರೆಯ ಪರಿಭಾಷೆಯಲ್ಲಿ ಹೇಳುವುದಾದರೆ, ದೇಹದ ಸ್ಥಿರತೆಯು ಸ್ಥಾವರದ ಸ್ಥಿರತೆಯಲ್ಲ, ಜಂಗಮದ ಸ್ಥಿರತೆ. ಚಲಿಸುತ್ತಿರುವುದಕ್ಕೆ ಅಂಕವನ್ನು ಕೊಡುವ ಕಷ್ಟವೆಲ್ಲ ಇಲ್ಲಿಯೇ ಅಡಗಿದೆ.

ಈ ಕಷ್ಟದ ಕೆಲಸಕ್ಕೆ ಸರಳವಾದ ಮಾರ್ಗವನ್ನು ತೋರಿದವರಲ್ಲಿ ನ್ಯೂಯಾರ್ಕಿನ ವೈದ್ಯೆ ವರ್ಜೀನಿಯಾ ಎಪ್ಗಾರ್ ಅಗ್ರಗಣ್ಯಳು. ಶಸ್ತ್ರಚಿಕಿತ್ಸೆಯ ವೇಳೆ ಅರಿವಳಿಕೆ ನೀಡುವುದು ಆಕೆಯ ವೃತ್ತಿ. ಆಕೆ ೧೯೫೨ರಲ್ಲಿ ರೂಪಿಸಿ ೧೯೫೩ರಲ್ಲಿ ಪ್ರಕಟಿಸಿದ ಕ್ರಮದಂತೆ, ಹುಟ್ಟಿದ ಒಂದು ನಿಮಿಷಕ್ಕೆ ಶಿಶುವಿನ ಹೃದಯದ ಬಡಿತ, ಉಸಿರು, ಸ್ನಾಯುಗಳ ಬಿಗಿ, ಪ್ರಚೋದನೆಗೆ ತೋರುವ ಪ್ರತಿಕ್ರಿಯೆ, ಮೈಬಣ್ಣ ಎಂಬ ಐದು ಲಕ್ಷಣಗಳನ್ನು ನೋಡಿ ಒಂದೊಂದಕ್ಕೆ ಸೊನ್ನೆ, ಒಂದು ಅಥವಾ ಎರಡು ಅಂಕ ಕೊಡುತ್ತಾರೆ, ಪೂರ್ಣಾಂಕ ಹತ್ತು. ಐದನೆಯ ನಿಮಿಷದಲ್ಲಿ ಮತ್ತೊಮ್ಮೆ ಪರೀಕ್ಷಿಸುವುದು ಅನಂತರ ರೂಢಿಗೆ ಬಂದಿತು. ಬಾಣಂತಿಯ ಆರೈಕೆಯ ಗಡಿಬಿಡಿಯಲ್ಲಿ ಶಿಶುವಿನ ಕಡೆಗೂ ಒಂದು ದೃಷ್ಟಿ ಹರಿಯಲೇಬೇಕೆಂಬ ನಿಯಮವನ್ನು ಈ ಪುಟ್ಟ ಅಂಕವು ತಂದಿತು. ಇದರ ಹಿರಿಮೆಯು ಗಣಿತದ ಗಹನತೆಯಲ್ಲಿಲ್ಲ; ಎಲ್ಲರ ಕಣ್ಣನ್ನೂ ಸಕಾಲದಲ್ಲಿ ಮಗುವಿನತ್ತ ತಿರುಗಿಸಿದುದರಲ್ಲಿದೆ.

ವಯಸ್ಕ ರೋಗಿಗಳ ವಿಷಯದಲ್ಲಿ ಅಂಥದೇ ಉಪಕಾರವನ್ನು ಮಾಡಿದ್ದು ಇಂಗ್ಲೆಂಡಿನಲ್ಲಿ ಬೆಳೆದ ಮುನ್ನೆಚ್ಚರಿಕೆಯ ಅಂಕ. ಲಂಡನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಷಿಯನ್ಸ್ ಸಂಸ್ಥೆಯು ೨೦೧೨ರಲ್ಲಿ ಇದರ ರಾಷ್ಟ್ರೀಯ ರೂಪವನ್ನು ಪ್ರಕಟಿಸಿ, ೨೦೧೭ರಲ್ಲಿ ಪರಿಷ್ಕರಿಸಿತು. ಉಸಿರಾಟದ ವೇಗ, ರಕ್ತದಲ್ಲಿನ ಆಮ್ಲಜನಕದ ಪ್ರಮಾಣ, ಹೊರಗಿನಿಂದ ಆಮ್ಲಜನಕ ಕೊಡಲಾಗುತ್ತಿದೆಯೇ ಎಂಬುದು, ರಕ್ತದ ಮೇಲಿನ ಒತ್ತಡ, ನಾಡಿ, ಪ್ರಜ್ಞೆ, ಶಾಖ ಎಂಬ ಏಳು ಅಂಶಗಳು ಇದರಲ್ಲಿವೆ. ಸಹಜವಾದ ಮಿತಿಯೊಳಗಿದ್ದರೆ ಸೊನ್ನೆ. ಮಿತಿಯಿಂದ ದೂರ ಸರಿದಷ್ಟೂ ಅಂಕ ಏರುತ್ತದೆ. ಶಾಲೆಯ ಅಂಕದಲ್ಲಿ ಹೆಚ್ಚಿದ್ದರೆ ಹಿಗ್ಗು. ಇಲ್ಲಿ ಹೆಚ್ಚಿದಷ್ಟೂ ಕಳವಳ. ಪರಮಾವಧಿ ೨೦.

ಒಂದು ಉದಾಹರಣೆಯಿಂದ ಇದರ ಪ್ರಯೋಜನ ಸ್ಪಷ್ಟವಾಗುತ್ತದೆ. ಒಬ್ಬ ರೋಗಿ ನಿಮಿಷಕ್ಕೆ ೨೨ ಸಲ ಉಸಿರಾಡುತ್ತಿದ್ದಾನೆ, ಅಂಕ ೨. ಆಮ್ಲಜನಕದ ಪ್ರಮಾಣ ಶೇಕಡ ೯೪; ಅಂಕ ೧. ಮೇಲಿನ ಒತ್ತಡ ೧೦೫; ಅಂಕ ೧. ನಾಡಿ ೧೦೪, ಅಂಕ ೧. ಶಾಖ ೩೮.೪ ಡಿಗ್ರಿ ಸೆಂಟಿಗ್ರೇಡ್, ಎಂದರೆ ಸುಮಾರು ೧೦೧ ಡಿಗ್ರಿ ಫ್ಯಾರನ್‌ಹೀಟ್, ಅಂಕ ೧. ಅವನು ಎಚ್ಚರವಾಗಿದ್ದಾನೆ, ಮಾತನಾಡುತ್ತಿದ್ದಾನೆ, ಹೊರಗಿನ ಆಮ್ಲಜನಕವನ್ನು ಪಡೆಯುತ್ತಿಲ್ಲ. ಆದುದರಿಂದ ಉಳಿದೆರಡು ಅಂಶಗಳಿಗೆ ಸೊನ್ನೆ. ಇವುಗಳಲ್ಲಿ ಯಾವುದೊಂದನ್ನು ಪ್ರತ್ಯೇಕವಾಗಿ ನೋಡಿದರೂ 'ಸ್ವಲ್ಪ ಜ್ವರವಿದೆ, ಸ್ವಲ್ಪ ದಣಿವಿದೆ' ಎಂದು ಸುಮ್ಮನಾಗುವುದು ಸಹಜ. ಆದರೆ ಮೊತ್ತ ಆರಾಯಿತು. ಐದು ಮುಟ್ಟಿದರೆ ತಡಮಾಡದೆ ವೈದ್ಯನು ಬಂದು ನೋಡಬೇಕು, ಏಳು ಮುಟ್ಟಿದರೆ ತುರ್ತುಚಿಕಿತ್ಸೆಯ ತಂಡವೇ ಬರಬೇಕು ಎಂಬುದು ಇದರ ವಿಧಿ. ಅಲ್ಪಅಲ್ಪವಾದ ಐದು ದೋಷಗಳು ಕೂಡಿ ಒಂದು ಮಹಾದೋಷದ ಮುನ್ಸೂಚನೆಯಾಗುವುದನ್ನು ಹೊಸದಾಗಿ ಸೇರಿದ ದಾದಿಯೂ ಕೂಡುವ ಲೆಕ್ಕವೊಂದರಿಂದಲೇ ಕಂಡುಕೊಳ್ಳಬಲ್ಲಳು. ನುರಿತ ವೈದ್ಯನು ನಾಡಿ ಹಿಡಿದೊಡನೆ ಅರಿಯುತ್ತಿದ್ದ ವಿಷಯವು ಆ ವೈದ್ಯನು ಅಲ್ಲಿಲ್ಲದ ರಾತ್ರಿಯಲ್ಲಿಯೂ ತಿಳಿಯುವಂತಾಯಿತು. ಒಬ್ಬನ ಅನುಭವದಲ್ಲಿ ಬಂಧಿತವಾಗಿದ್ದ ಜ್ಞಾನವು ಹಲವರ ಕೈಗೆ ಬರುವುದು ಪುಣ್ಯದ ಕೆಲಸವೇ ಸರಿ.

ಇದನ್ನು ರಚಿಸಿದವರು ಮೊತ್ತದ ಕುರುಡನ್ನೂ ಅರಿತವರಾಗಿದ್ದರು. ಒಟ್ಟು ಅಂಕ ಕಡಿಮೆಯಿದ್ದರೂ ಯಾವುದಾದರೊಂದು ಅಂಶದಲ್ಲಿ ಮೂರು ಅಂಕ ಬಂದರೆ ಆ ರೋಗಿಯನ್ನು ತ್ವರಿತವಾಗಿ ಪರಿಶೀಲಿಸಬೇಕೆಂದು ಅವರು ವಿಧಿಸಿದರು. ದೀರ್ಘಕಾಲದ ಶ್ವಾಸಕೋಶವ್ಯಾಧಿಯುಳ್ಳ ಕೆಲವರಿಗೆ ಆಮ್ಲಜನಕದ ಪ್ರಮಾಣ ಶೇಕಡ ೮೮ರಿಂದ ೯೨ ಇರುವುದೇ ಹಿತವಾದುದರಿಂದ, ಅಂಥವರಿಗಾಗಿ ೨೦೧೭ರ ಪರಿಷ್ಕರಣದಲ್ಲಿ ಪ್ರತ್ಯೇಕ ಮಾನವನ್ನೇ ಸೇರಿಸಿದರು. ಹದಿನಾರು ವರ್ಷ ತುಂಬದ ಮಕ್ಕಳಿಗೂ ಗರ್ಭಿಣಿಯರಿಗೂ ಈ ಕೋಷ್ಟಕವನ್ನು ಬಳಸಲಾಗದೆಂದೂ ಸ್ಪಷ್ಟಪಡಿಸಿದರು. ಎಲ್ಲರ ಸಮತೆಯೂ ಒಂದೇ ಅಲ್ಲ ಎಂಬ ವಿನಯವು ಆ ಕೋಷ್ಟಕದಲ್ಲಿಯೇ ಇದೆ. ಬಳಸುವವರಲ್ಲಿ ಆ ವಿನಯ ಉಳಿದಿದೆಯೇ ಎಂಬುದೇ ಪ್ರಶ್ನೆ.

ಅಂಶಗಳನ್ನು ಬರಿದೆ ಕೂಡಿಸಿದರೆ ಅವುಗಳ ಪರಸ್ಪರ ಸಂಬಂಧವು ಕೈತಪ್ಪುತ್ತದೆ ಎಂಬುದು ಮತ್ತೊಂದು ತೊಡಕು. ನಾಡಿ ೮೮, ಮೇಲಿನ ಒತ್ತಡ ೧೧೨ ಇರುವ ವ್ಯಕ್ತಿಗೆ ಮೇಲಿನ ಕೋಷ್ಟಕದಲ್ಲಿ ಎರಡಕ್ಕೂ ಸೊನ್ನೆಯೇ. ಆದರೆ ನಾಡಿಯನ್ನು ಒತ್ತಡದಿಂದ ಭಾಗಿಸಿದರೆ ಬರುವುದು ಸುಮಾರು ೦.೭೯. ಆಲ್ಗೋವರ್ ಮತ್ತು ಬುರಿ ಎಂಬ ವೈದ್ಯರು ೧೯೬೭ರಲ್ಲಿ ಮುಂದಿಟ್ಟ ಈ ಅನುಪಾತವು ಆರೋಗ್ಯವಂತರಲ್ಲಿ ಸಾಮಾನ್ಯವಾಗಿ ೦.೫ರಿಂದ ೦.೭ರೊಳಗೆ ಇರುತ್ತದೆ. ಒಳಗೆಲ್ಲೋ ರಕ್ತ ಸೋರುತ್ತಿದ್ದರೆ ಒತ್ತಡವು ಕುಸಿಯುವ ಮುನ್ನವೇ ನಾಡಿ ಏರಿ ಈ ಅನುಪಾತವು ಮೇಲಕ್ಕೆ ಸರಿಯಬಹುದು. ಎರಡು ಪದಗಳು ಪ್ರತ್ಯೇಕವಾಗಿ ಶುದ್ಧವಾಗಿದ್ದರೂ ಅವುಗಳ ಅನ್ವಯ ಕೆಟ್ಟರೆ ವಾಕ್ಯವು ಕೆಡುತ್ತದೆ ಎಂಬುದನ್ನು ವ್ಯಾಕರಣ ಬಲ್ಲವರಿಗೆ ಹೇಳಬೇಕಾಗಿಲ್ಲ. ದೇಹವೂ ಅಂಥದೊಂದು ವಾಕ್ಯ.

ಈ ಅನ್ವಯವನ್ನು ಅಳೆಯುವ ಗಣಿತವನ್ನು ಜಗತ್ತಿಗೆ ಕೊಟ್ಟವರು ಭಾರತೀಯರೇ ಎಂಬುದು ಸಂತೋಷದ ಸಂಗತಿ. ೧೯೩೧ರಲ್ಲಿ ಕಲ್ಕತ್ತೆಯಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯನ್ನು ಸ್ಥಾಪಿಸಿದ ಪ್ರಶಾಂತಚಂದ್ರ ಮಹಲನೋಬಿಸ್ ಅವರು, ಜನವರ್ಗಗಳ ದೇಹಮಾನಗಳನ್ನು ಹೋಲಿಸುವ ಸಮಸ್ಯೆಯಿಂದ ಹೊರಟು, ೧೯೩೬ರಲ್ಲಿ 'ಸಾಮಾನ್ಯೀಕೃತ ದೂರ'ವೆಂಬ ಪರಿಕಲ್ಪನೆಯನ್ನು ಪ್ರಕಟಿಸಿದರು. ಅದರ ತಿರುಳು ಇಷ್ಟು: ಆರಡಿ ಎತ್ತರದ ಪುರುಷನು ಅಪರೂಪವಲ್ಲ, ಐವತ್ತು ಕಿಲೋ ತೂಕದ ಪುರುಷನೂ ಅಪರೂಪವಲ್ಲ, ಆದರೆ ಆರಡಿ ಎತ್ತರವಿದ್ದು ಐವತ್ತೇ ಕಿಲೋ ತೂಗುವವನು ಅಪರೂಪ. ಎತ್ತರವೂ ತೂಕವೂ ಒಟ್ಟೊಟ್ಟಿಗೆ ಏರುವ ವಾಡಿಕೆಯಿರುವುದರಿಂದ, ಆ ವಾಡಿಕೆಯನ್ನು ಮೀರಿದವನು ಸಮೂಹದ ನಡುವಣ ಬಿಂದುವಿನಿಂದ ಬಹುದೂರ ನಿಂತಂತಾಗುತ್ತದೆ. ಅಂಶಗಳ ಸಹಜವಾದ ಏರಿಳಿತವನ್ನೂ ಪರಸ್ಪರ ಸಂಬಂಧವನ್ನೂ ಒಟ್ಟಿಗೆ ಗಣಿಸಿ ಆ ದೂರವನ್ನು ಒಂದೇ ಸಂಖ್ಯೆಯಾಗಿ ಹೇಳುವುದು ಈ ಸೂತ್ರದ ಸಾಮರ್ಥ್ಯ.

ಕೆನಡಾ ದೇಶದ ಸಂಶೋಧಕ ಅಲನ್ ಕೋಹೆನ್ ಮತ್ತು ಅವರ ಸಂಗಡಿಗರು ೨೦೧೩ರಲ್ಲಿ ಇದೇ ಸೂತ್ರವನ್ನು ರಕ್ತಪರೀಕ್ಷೆಯ ಹಲವು ಅಂಶಗಳಿಗೆ ಅನ್ವಯಿಸಿ, ಒಬ್ಬೊಬ್ಬರ ದೇಹವೂ ಸಮಸ್ಥಿತಿಯಿಂದ ಎಷ್ಟು ದೂರವಿದೆ ಎಂದು ಲೆಕ್ಕ ಹಾಕಿದರು. ವಯಸ್ಸು ಏರಿದಂತೆ ಈ ದೂರವು ಹೆಚ್ಚುವ ಪ್ರವೃತ್ತಿಯುಳ್ಳದ್ದೆಂದೂ, ಮರಣದ ಸಂಭವದೊಂದಿಗೂ ಇದಕ್ಕೆ ಸಂಬಂಧವಿದೆಯೆಂದೂ ಈ ಬಗೆಯ ಅಧ್ಯಯನಗಳು ತೋರಿವೆ. ಮುಪ್ಪೆಂಬುದು ಒಂದು ಅಂಗದ ಸೋಲಲ್ಲ, ಅಂಗಗಳ ಸಾಮರಸ್ಯವು ಸಡಿಲುವುದು ಎಂಬ ಭಾವನೆಗೆ ಇಲ್ಲಿ ಗಣಿತದ ಬೆಂಬಲ ದೊರೆಯುತ್ತದೆ.

ಇಷ್ಟನ್ನು ಕೇಳಿದೊಡನೆ, ಇದೆಲ್ಲವೂ ಪ್ರಾಚೀನರಿಗೆ ತಿಳಿದೇ ಇತ್ತು ಎಂದು ಹೆಮ್ಮೆಪಡುವವರುಂಟು. ಸುಶ್ರುತಸಂಹಿತೆಯು ದೋಷ, ಅಗ್ನಿ, ಧಾತು, ಮಲಕ್ರಿಯೆಗಳ ಸಮತೆಯನ್ನೂ ಆತ್ಮ, ಇಂದ್ರಿಯ, ಮನಸ್ಸುಗಳ ಪ್ರಸನ್ನತೆಯನ್ನೂ ಸೇರಿಸಿ ಸ್ವಸ್ಥನ ಲಕ್ಷಣವನ್ನು ಹೇಳಿರುವುದು ನಿಜ. ಆದರೆ ಸಮತೆಯನ್ನು ಹೇಳುವುದು ಬೇರೆ, ಅಳೆಯುವುದು ಬೇರೆ. ಅಳತೆಯ ಯಶಸ್ಸು ಆಧುನಿಕರಿಗೆ ಸಲ್ಲಬೇಕಾದುದು. ಅದನ್ನು ಪೂರ್ವಿಕರ ಖಾತೆಗೆ ಬರೆಯುವುದು ಪೂರ್ವಿಕರಿಗೂ ಗೌರವವಲ್ಲ. ಆ ಲಕ್ಷಣದಿಂದ ಇಂದು ಕಲಿಯಬೇಕಾದ ಪಾಠ ಬೇರೆಯಿದೆ. ಸಮತೆಯಾದ ಮೇಲೆ ಪ್ರಸನ್ನತೆ ಎಂಬ ಇನ್ನೊಂದು ಅರ್ಧವಿದೆಯಷ್ಟೆ? ಮೇಲೆ ಹೇಳಿದ ಯಾವ ಅಂಕಪದ್ಧತಿಯೂ ಅದನ್ನು ಅಳೆಯುವುದಿಲ್ಲ. ಮಗ ಊರಿಗೆ ಬಂದನೆಂದು ಎದ್ದು ಕುಳಿತ ಮುದುಕಿಯ ಉತ್ಸಾಹಕ್ಕಾಗಲಿ, ಎಲ್ಲ ಅಂಶಗಳೂ ಮಿತಿಯೊಳಗಿದ್ದು ಊಟ ಸೇರದೆ ಗೋಡೆಗೆ ಮುಖ ಮಾಡಿ ಮಲಗಿದವನ ನಿರಾಸೆಗಾಗಲಿ ಅಲ್ಲಿ ಸ್ಥಾನವಿಲ್ಲ.

ಸ್ಥಾನವಿಲ್ಲದಿರುವುದು ದೋಷವಲ್ಲ, ಸ್ಥಾನವಿಲ್ಲವೆಂಬುದನ್ನು ಮರೆಯುವುದು ದೋಷ. ೧೯೯೬ರಲ್ಲಿ ವೈದ್ಯತಂಡವೊಂದು ಶ್ವಾಸ, ರಕ್ತದ ಹೆಪ್ಪುಗಟ್ಟುವಿಕೆ, ಯಕೃತ್ತು, ರಕ್ತಪರಿಚಲನೆ, ನರಮಂಡಲ, ಮೂತ್ರಪಿಂಡ ಎಂಬ ಆರಕ್ಕೆ ತಲಾ ನಾಲ್ಕರವರೆಗೆ, ಒಟ್ಟು ೨೪ ಅಂಕಗಳ 'ಸೋಫಾ' ಎಂಬ ಪದ್ಧತಿಯನ್ನು ಪ್ರಕಟಿಸಿತು. ರೋಗಿಯ ಅಂಗಗಳ ಸ್ಥಿತಿಯನ್ನು ವರ್ಣಿಸುವುದು ಅದರ ಉದ್ದೇಶವೇ ಹೊರತು ಭವಿಷ್ಯ ನುಡಿಯುವುದಲ್ಲವೆಂದು ರಚಿಸಿದವರೇ ಹೇಳಿದ್ದರು. ಆದರೆ ೨೦೧೫ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಪ್ರಕಟವಾದ ಮಾರ್ಗಸೂಚಿಯು, ಮಹಾಮಾರಿಯ ಕಾಲದಲ್ಲಿ ಉಸಿರಾಟದ ಯಂತ್ರಗಳ ಕೊರತೆ ಬಿದ್ದರೆ ಯಾರಿಗೆ ಯಂತ್ರವೆಂದು ನಿರ್ಣಯಿಸುವಾಗ ಈ ಅಂಕವನ್ನೇ ಬಳಸುವಂತೆ ಹೇಳಿತು. ೨೦೨೦ರಲ್ಲಿ ಕೊರೋನಾ ಬಂದಾಗ ಇಂಥ ಕ್ರಮಗಳ ನ್ಯಾಯಾನ್ಯಾಯಗಳ ಬಗ್ಗೆ ತೀವ್ರವಾದ ಚರ್ಚೆ ನಡೆಯಿತು. ಕೊರತೆಯ ಕಾಲದಲ್ಲಿ ಯಾವುದೋ ಒಂದು ಕ್ರಮ ಬೇಕೇ ಬೇಕೆಂಬ ವಾದವನ್ನು ಹಗುರವಾಗಿ ತಳ್ಳಿಹಾಕಲಾಗದು. ಅಂಕವಿಲ್ಲದೆಡೆಯಲ್ಲಿ ಹಣವೂ ಪ್ರಭಾವವೂ ನಿರ್ಣಾಯಕವಾಗುವ ಭಯವುಂಟು. ಆದರೂ ವರ್ಣನೆಗೆಂದು ಹುಟ್ಟಿದ ಸಂಖ್ಯೆಯು ಬದುಕು ಸಾವುಗಳ ತೀರ್ಪುಗಾರನ ಪೀಠವನ್ನು ಏರುವುದು ಎಷ್ಟು ಸುಲಭವೆಂಬುದಕ್ಕೆ ಇದು ನಿದರ್ಶನ. ಗುಂಪಿನ ಬಗ್ಗೆ ನಿಜವಾದ ಸಂಭಾವ್ಯತೆಯು ಗುಂಪಿನೊಳಗಿನ ಒಬ್ಬನ ಹಣೆಬರಹವಲ್ಲ. ಎಪ್ಗಾರ್ ಅಂಕದಿಂದ ಒಂದು ಮಗುವಿನ ಮುಂದಿನ ಬುದ್ಧಿಬೆಳವಣಿಗೆಯನ್ನು ಊಹಿಸಬಾರದೆಂದು ಅಮೆರಿಕದ ಮಕ್ಕಳ ವೈದ್ಯರ ಸಂಸ್ಥೆಯು ಎಚ್ಚರಿಸಿರುವುದೂ ಈ ಕಾರಣದಿಂದಲೇ.

ಅಳೆಯುವ ಸಾಧನವೇ ಪಕ್ಷಪಾತಿಯಾಗಿದ್ದರೆ ಅಂಕದ ಗತಿಯೇನು? ಬೆರಳಿಗೆ ಸಿಕ್ಕಿಸಿ ಆಮ್ಲಜನಕವನ್ನು ತಿಳಿಸುವ ಪಲ್ಸ್ ಆಕ್ಸಿಮೀಟರ್ ಕೊರೋನಾ ಕಾಲದಲ್ಲಿ ಮನೆಮನೆಗೂ ಬಂದಿತು. ಅದೇ ೨೦೨೦ರ ಡಿಸೆಂಬರಿನಲ್ಲಿ ಅಮೆರಿಕದ ಪ್ರಮುಖ ವೈದ್ಯಪತ್ರಿಕೆಯೊಂದರಲ್ಲಿ ಪ್ರಕಟವಾದ ಅಧ್ಯಯನದಂತೆ, ಈ ಸಾಧನವು ಶೇಕಡ ೯೨ರಿಂದ ೯೬ ಎಂದು ತೋರಿಸುತ್ತಿದ್ದಾಗ, ರಕ್ತನಾಳದಿಂದ ತೆಗೆದ ರಕ್ತದಲ್ಲಿ ಆಮ್ಲಜನಕವು ೮೮ಕ್ಕಿಂತ ಕೆಳಗಿದ್ದ ಪ್ರಸಂಗಗಳು ಬಿಳಿಯರಲ್ಲಿ ಶೇಕಡ ೩.೬, ಕಪ್ಪುಜನರಲ್ಲಿ ಶೇಕಡ ೧೧.೭. ಬೆಳಕು ಚರ್ಮದ ಮೂಲಕ ಹಾದುಹೋಗುವಾಗ ಚರ್ಮದ ಬಣ್ಣವೂ ಲೆಕ್ಕದಲ್ಲಿ ನುಸುಳುತ್ತದೆ. ಹಾಗಾದರೆ ಆ ಅಳತೆಯ ಮೇಲೆ ನಿಂತ ಒಟ್ಟು ಅಂಕವೂ ಕಪ್ಪುಮೈಯವನಿಗೆ ಇಲ್ಲದ ಸಮತೆಯನ್ನು ಇದೆಯೆಂದು ಹೇಳೀತು. ಶ್ಯಾಮವರ್ಣದವರೇ ಬಹುಸಂಖ್ಯೆಯಲ್ಲಿರುವ ನಾಡಿನಲ್ಲಿ ಇದನ್ನು ಮರೆಯುವಂತಿಲ್ಲ. ಮಹಲನೋಬಿಸರ ದೂರವೂ ಅಷ್ಟೆ. ಯಾವ ಬಿಂದುವಿನಿಂದ ದೂರ? ಪರದೇಶದ ಜನರಿಂದ ಪಡೆದ ನಡುಬಿಂದುವನ್ನು ಇಟ್ಟುಕೊಂಡು, ಜೋಳದ ರೊಟ್ಟಿ ತಿಂದು ಎರೆಹೊಲದಲ್ಲಿ ದುಡಿಯುವ ರೈತನ ಆರೋಗ್ಯವನ್ನು ಅಳೆಯಹೊರಟರೆ ಬರುವ ಸಂಖ್ಯೆಯು ಅವನ ರೋಗವನ್ನು ಹೇಳುತ್ತದೆಯೋ, ಅವನು ಪರದೇಶದವನಲ್ಲ ಎಂಬುದನ್ನು ಮಾತ್ರ ಹೇಳುತ್ತದೆಯೋ?

ಇದಕ್ಕಿಂತ ಹೆಚ್ಚು ಶೋಚನೀಯವಾದುದು ಗುಪ್ತಸೂತ್ರಗಳ ಹಾವಳಿ. ಈಗ ಕೈಗಡಿಯಾರದ ರೂಪದ ಯಂತ್ರಗಳು ಬೆಳಗಾದರೆ ಧರಿಸಿದವನಿಗೆ 'ಇಂದು ನಿನ್ನ ದೇಹಕ್ಕೆ ಇಷ್ಟು ಅಂಕ' ಎಂದು ತೋರಿಸುತ್ತವೆ. ಅನೇಕ ಯಂತ್ರಗಳಲ್ಲಿ ಆ ಅಂಕವನ್ನು ಯಾವ ಅಂಶಕ್ಕೆ ಎಷ್ಟು ತೂಕವಿತ್ತು ಪಡೆದರೆಂಬುದು ತಯಾರಕರ ವ್ಯಾಪಾರರಹಸ್ಯ. ಮುನ್ನೆಚ್ಚರಿಕೆಯ ಅಂಕದ ಕೋಷ್ಟಕವಾದರೋ ಬಹಿರಂಗವಾಗಿದೆ. ತಪ್ಪಿದ್ದರೆ ಯಾರಾದರೂ ತೋರಿಸಬಹುದು, ತೋರಿಸಿದ್ದರಿಂದಲೇ ತಿದ್ದುಪಡಿಯೂ ಆಯಿತು. ಪ್ರಶ್ನಿಸಲಾಗದ ಅಂಕವು ಶಾಸ್ತ್ರವಲ್ಲ, ಕಣಿ. ಕೆಲವರ ಸೊತ್ತಾಗಿದ್ದ ಅರಿವನ್ನು ಜನರ ನುಡಿಯಲ್ಲಿ ಬಯಲಿಗೆ ತಂದ ಶರಣರ ಪರಂಪರೆಯಲ್ಲಿ ಬೆಳೆದವರು ಗುಪ್ತಸೂತ್ರದ ಮುಂದೆ ತಲೆಬಾಗುವುದು ಉಚಿತವಲ್ಲ.

ಹಾಗಾದರೆ ವಿದ್ಯಾಸಂಸ್ಥೆಗಳು ಮಾಡಬೇಕಾದುದೇನು? ವರ್ಷಕ್ಕೊಮ್ಮೆ ಶಾಮಿಯಾನ ಹಾಕಿ, ನೂರಾರು ಮಕ್ಕಳನ್ನು ಒಂದೇ ದಿನದಲ್ಲಿ ಪರೀಕ್ಷಿಸಿ, ಚೀಟಿಯೊಂದನ್ನು ಕೈಗಿತ್ತು, ಭಾವಚಿತ್ರದೊಂದಿಗೆ ಮುಗಿಯುವ ಶಿಬಿರಕ್ಕಿಂತ, ಮಗುವು ಶಾಲೆಗೆ ಸೇರಿದ ದಿನದಿಂದ ಬಿಡುವ ದಿನದವರೆಗೆ ವರ್ಷಕ್ಕೆ ಎರಡು ಸಲ ಎತ್ತರ, ತೂಕ, ದೃಷ್ಟಿ, ಶ್ರವಣ, ಹಿಮೋಗ್ಲೋಬಿನ್ ಇವುಗಳನ್ನು ಒಂದೇ ಪುಸ್ತಕದಲ್ಲಿ ಬರೆದಿಡುವುದು ಶ್ರೇಯಸ್ಕರ. ಆಗ ಮಗುವಿನ ಇಂದಿನ ಸ್ಥಿತಿಯನ್ನು ಪರರ ಸರಾಸರಿಯೊಂದಿಗೆ ಮಾತ್ರವಲ್ಲದೆ ಅದರದೇ ನಿನ್ನೆಯ ಸ್ಥಿತಿಯೊಂದಿಗೂ ಹೋಲಿಸಬಹುದು. ಏರುತ್ತಿದ್ದ ತೂಕ ಎಂಟನೆಯ ತರಗತಿಯಲ್ಲಿ ನಿಂತುಹೋದರೆ, ಯಾವ ಕೋಷ್ಟಕದ ಮಿತಿಯನ್ನೂ ಮೀರದಿದ್ದರೂ, ಮನೆಯಲ್ಲಿ ಏನಾಗಿದೆಯೆಂದು ಉಪಾಧ್ಯಾಯನು ವಿಚಾರಿಸಬೇಕಾದ ಗಳಿಗೆ ಅದು. ಇಂಥ ಮೌನಕಾರ್ಯಕ್ಕೆ ಬೇಕಾದ ಹಣ ಹೆಚ್ಚಲ್ಲ, ಬೇಕಾದುದು ಹತ್ತು ವರ್ಷಗಳ ತಾಳ್ಮೆ. ದಾನಿಗಳು ಕಟ್ಟಡದ ಕಲ್ಲಿನ ಮೇಲೆ ತೋರುವ ಆಸ್ಥೆಯಲ್ಲಿ ಸ್ವಲ್ಪವನ್ನು ಈ ಪುಸ್ತಕದ ಮೇಲೆ ತೋರಿದರೆ ಅದು ನಿಜವಾದ ದಾಸೋಹವಾದೀತು. ಗಣಿತದ ಉಪಾಧ್ಯಾಯರೂ ಬಡ್ಡಿಯ ಲೆಕ್ಕದ ಜೊತೆಗೆ ಈ ಅಂಕಗಳ ಲೆಕ್ಕವನ್ನು ಕನ್ನಡದಲ್ಲಿ ಕಲಿಸಲಿ. ಸರಾಸರಿಯೆಂದರೇನು, ಅದು ಏನನ್ನು ಮರೆಮಾಡುತ್ತದೆ ಎಂಬುದನ್ನು ಬಲ್ಲ ಹುಡುಗ ಮುಂದೆ ಯಾವ ಯಂತ್ರದ ಮಾತಿಗೂ ಮರುಳಾಗನು, ಹೆದರನು.

ಶರಣರು ಕಾಯವನ್ನು ಹಳಿಯಲಿಲ್ಲ. ಕಾಯಕದ ಆಶ್ರಯವೆಂದು ಅದನ್ನು ಗೌರವಿಸಿದರು. ಆ ಕಾಯದ ಸಮತೆಯನ್ನು ಅಳೆಯುವ ಗಣಿತವೂ ಗೌರವಾರ್ಹವೇ. ಆದರೆ ಅಂಕವನ್ನು ಬರೆದಲ್ಲಿಗೆ ಕರ್ತವ್ಯ ಮುಗಿಯಿತೆಂದು ತಿಳಿದರೆ ಅಳೆದುದೆಲ್ಲ ವ್ಯರ್ಥ. ರಾತ್ರಿ ಎರಡು ಗಂಟೆಗೆ ಕೋಷ್ಟಕದಲ್ಲಿ 'ಆರು' ಎಂದು ಬರೆದ ದಾದಿಯು ಲೇಖನಿಯನ್ನು ಕೆಳಗಿಟ್ಟು, ಎದ್ದು, ವೈದ್ಯನನ್ನು ಕರೆದು, ಮರಳಿ ಬಂದು ರೋಗಿಯ ಹಾಸಿಗೆಯ ಬಳಿ ನಿಂತಾಗಲೇ ಆ ಸಂಖ್ಯೆಗೆ ಸಾರ್ಥಕ್ಯ. ಶಾಲೆಯಲ್ಲಿ ಅನುತ್ತೀರ್ಣನಾದ ಬಾಲಕನ ಹೆಸರಿನ ಮುಂದೆ ಕೆಂಪು ಗೆರೆಯನ್ನೆಳೆದ ಉಪಾಧ್ಯಾಯನಿಗೂ ಇದೇ ಮಾತು ಸಲ್ಲುತ್ತದೆ.